ನೀರು ಜಾಸ್ತಿ ಬಂತು ಅಂತ ಖುಷಿಪಡಬೇಡಿ

ದುಬೈಯಲ್ಲಿ ವಿಹಾರದ ದೋಣಿಗಳ ವಾಟರ್‌ಮೇಕರ್ ರಿಪೇರಿ ನನ್ನ ಕೆಲಸ. ಸಮುದ್ರದ ನೀರನ್ನು ಸಿಹಿ ಮಾಡುವ ಆರ್‌ಓ ಯಂತ್ರ ಅದು. ಬೇಸಿಗೆಯ ಸೆಕೆಗೆ ಮಾಲೀಕರು ಊರು ಬಿಡುತ್ತಾರೆ. ದೋಣಿ ಮೂರು ತಿಂಗಳು ಕಟ್ಟಿದಲ್ಲೇ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ನನ್ನ ಫೋನ್ ಶುರು.

ಒಮ್ಮೆ ಒಬ್ಬರು ಖುಷಿಯಿಂದಲೇ ಕರೆದರು. ಗಂಟೆಗೆ 60 ಲೀಟರ್ ಕೊಡುತ್ತಿದ್ದ ಯಂತ್ರ ಈಗ 75 ಕೊಡುತ್ತಿದೆಯಂತೆ. "ಸ್ವಲ್ಪ ಉಪ್ಪುಪ್ಪು, ಅಷ್ಟೇ." ಹೋಗಿ ಅಳೆದರೆ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪಿನ ಅಳತೆ, 400ರ ಜಾಗದಲ್ಲಿ 1,800. ದಂಡೆಯ ನಲ್ಲಿಗೆ ಪೈಪ್ ಸಿಕ್ಕಿಸಿ, ಉಪ್ಪನ್ನು ಸೋಸುವ ಪೊರೆಯಾದ ಮೆಂಬ್ರೇನ್ ತೊಳೆದಿದ್ದರು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದಲ್ವಾ? ಮೆಂಬ್ರೇನ್ ಮೇಲೆ ಉಪ್ಪನ್ನು ತಡೆಯುವ ಪಾಲಿಅಮೈಡ್ ಪದರ ಕೂದಲಿಗಿಂತ ನೂರಾರು ಪಟ್ಟು ತೆಳು. ಕ್ಲೋರಿನ್ ಅದನ್ನು ತಿಂದುಹಾಕುತ್ತದೆ. ತಡೆಯುವವರೇ ಇಲ್ಲದ ಮೇಲೆ ನೀರು ಜಾಸ್ತಿ ಬರದೆ ಇನ್ನೇನು! ಇದಕ್ಕೆ ಯಾವ ಮದ್ದೂ ಇಲ್ಲ, ಹೊಸ ಮೆಂಬ್ರೇನೇ ಗತಿ. ಯಂತ್ರವೇ ತಯಾರಿಸಿದ ನೀರಿನಿಂದ ತೊಳೆಯಿರಿ. ನಲ್ಲಿ ನೀರೇ ಬೇಕಾದರೆ ನಡುವೆ ಕಾರ್ಬನ್ ಫಿಲ್ಟರ್ ಇರಲಿ.

ವಾರದೊಳಗೆ ಮತ್ತೆ ಓಡಿಸುವುದಾದರೆ ಹೀಗೆ ಸಿಹಿನೀರಲ್ಲಿ ತೊಳೆದಿಟ್ಟರೆ ಸಾಕು. ಇಲ್ಲಿನ ಬೇಸಿಗೆಯಲ್ಲಿ ನಾನು ಮೂರು ದಿನ ಅನ್ನುತ್ತೇನೆ. ಒಳಗೆ ನಿಂತ ಸಮುದ್ರದ ನೀರಲ್ಲಿ ಸಣ್ಣ ಜೀವಿಗಳು ಸತ್ತು ಕೊಳೆಯುತ್ತವೆ. ಮೊದಲ ಲೋಟಕ್ಕೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಾರಣ ಅದೇ.

ಅದಕ್ಕಿಂತ ಜಾಸ್ತಿ ದಿನಕ್ಕೆ 'ಪಿಕ್ಲಿಂಗ್' ಮಾಡಬೇಕು, ಅಂದರೆ ಒಳಗೆ ಕೆಡದಂತೆ ಮದ್ದು ತುಂಬಿಡಬೇಕು. ಉಪ್ಪಿನಕಾಯಿ ಹಾಕಿದ ಹಾಗೆಯೇ, ಆದರೆ ಇಲ್ಲಿ ಮೊದಲು ಉಪ್ಪನ್ನು ತೊಳೆದು ಹೊರಹಾಕಬೇಕು! ಆಮೇಲೆ 10 ಲೀಟರ್ ಸಿಹಿನೀರಿಗೆ 100 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್. ಸ್ಕ್ವಾಶ್ ಕೆಡದಂತೆ ಹಾಕುವ ಪುಡಿಯ ಹತ್ತಿರದ ನೆಂಟ ಇದು. ಪ್ರೆಶರ್ ಕೊಡದೆ ಸುತ್ತಿಸಿ, ಗಾಳಿ ಉಳಿಯದಂತೆ ವಾಲ್ವ್ ಮುಚ್ಚಿ. ಗಾಳಿ ಸೇರಿದರೆ ದ್ರಾವಣ ಹುಳಿಯಾಗುತ್ತಾ ಹೋಗುತ್ತದೆ. ಪಿಎಚ್ 3ಕ್ಕಿಂತ ಕೆಳಗಿಳಿದರೆ ಹೊಸದು ಹಾಕಿ. ಕೆಲವು ಪಂಪ್‌ಗಳಿಗೆ ಈ ಪುಡಿ ಆಗಿಬರುವುದಿಲ್ಲ, ಹಾಗಾಗಿ ಮೊದಲು ಯಂತ್ರದ ಕೈಪಿಡಿ ನೋಡಿ. ನಮ್ಮ ಮಲ್ಪೆಯಲ್ಲಿ ಮಳೆಗಾಲಕ್ಕೆ ಬೋಟು ನಿಲ್ಲಿಸುವಾಗ ಟ್ಯಾಂಕೆಲ್ಲ ಒಣಗಿಸಿಡುತ್ತಾರೆ. ಇಲ್ಲಿ ಆ ಬುದ್ಧಿ ಬೇಡ. ಒಮ್ಮೆ ಒದ್ದೆಯಾದ ಮೆಂಬ್ರೇನ್ ಒಣಗಿದರೆ ಕೆಟ್ಟಿತು. ಒಣಗಿಸಬೇಕಾದ್ದು ಮೆಂಬ್ರೇನ್‌ಗಿಂತ ಮೊದಲು ಬರುವ ಫಿಲ್ಟರ್‌ಗಳನ್ನು ಮಾತ್ರ.

ಇನ್ನು ಕೆಮಿಕಲ್ ಹಾಕಿ ತೊಳೆಯುವ ವಿಚಾರ. ನನ್ನನ್ನು ಇದಕ್ಕೆಂದು ಕರೆಯುವವರಲ್ಲಿ ಅರ್ಧದಷ್ಟು ಜನರಿಗೆ ಅದು ಬೇಕೇ ಇರುವುದಿಲ್ಲ. ನೀರು ಒಂದು ಡಿಗ್ರಿ ತಣ್ಣಗಾದರೆ ಉತ್ಪತ್ತಿ ಸುಮಾರು ಶೇ. 3 ಇಳಿಯುತ್ತದೆ. ಇಲ್ಲಿನ ಸಮುದ್ರ ಬೇಸಿಗೆಗಿಂತ ಚಳಿಗಾಲದಲ್ಲಿ ಹತ್ತು ಡಿಗ್ರಿ ತಣ್ಣಗಿರುತ್ತದೆ. ಜನವರಿಯಲ್ಲಿ "ಮೆಂಬ್ರೇನ್ ಕಟ್ಟಿದೆ" ಅನ್ನುವವರಿಗೆ ನಾನು ಮೊದಲು ಥರ್ಮಾಮೀಟರ್ ತೋರಿಸುತ್ತೇನೆ. ಅದೇ ಪ್ರೆಶರ್, ಅದೇ ಉಷ್ಣತೆಯಲ್ಲಿ ಶೇ. 10-15 ಕಡಿಮೆಯಾದರೆ ಮಾತ್ರ ತೊಳೆಯಿರಿ. ಮೊದಲು ಲೋಳೆ ತೆಗೆಯುವ ಕ್ಷಾರ, ಆಮೇಲೆ ಸುಣ್ಣ ಕರಗಿಸುವ ಆಮ್ಲ. ತಿರುಗಾಮುರುಗಾ ಮಾಡಿದರೆ ಲೋಳೆ ಗಟ್ಟಿಯಾಗಿ ಕೂರುತ್ತದೆ. ಸುಮ್ನೆ ವರ್ಷಕ್ಕೊಮ್ಮೆ ತೊಳೆಯುವ ಚಾಳಿ ನನಗೆ ಹಿಡಿಸದು. ಪ್ರತಿ ಸಲವೂ ಮೆಂಬ್ರೇನ್ ಆಯುಷ್ಯ ಸ್ವಲ್ಪ ಸವೆಯುತ್ತದೆ.

ಮತ್ತೆ ಶುರು ಮಾಡುವಾಗ ಪ್ರೆಶರ್ ವಾಲ್ವ್ ಪೂರ್ತಿ ತೆರೆದು ಅರ್ಧ ಗಂಟೆ ಸಮುದ್ರದ ನೀರು ಹರಿಸಿ. ಪ್ರೆಶರ್ ಏರಿಸಿದ ಮೇಲೂ ಮೊದಲ ನೀರು ಟ್ಯಾಂಕಿಗೆ ಬೇಡ. ಇದನ್ನು ಯಾರೂ ನೆನಪಿಡುವುದಿಲ್ಲ. ಅದಕ್ಕೇ ನಾನು ವಾಲ್ವ್‌ಗೆ ತಾರೀಖು ಬರೆದ ರಟ್ಟು ಕಟ್ಟಿ ಬರುತ್ತೇನೆ: "ಒಳಗೆ ಮದ್ದಿದೆ, ಪ್ರೆಶರ್ ಕೊಡಬೇಡಿ." ಹೋದ ವರ್ಷ ಒಬ್ಬರು ಅದರ ಮೇಲೆ ಟವೆಲ್ ಒಣಹಾಕಿದ್ದರು.