ಪದ ಪರಿಚಯ: ಬ್ಯಾಕ್‌ಲಿಂಕ್ ಇಂಡೆಕ್ಸ್

ಸ್ವಂತ ವಿಕಿ ಅಂದರೆ ನಮಗಾಗಿ ನಾವೇ ಬರೆದಿಟ್ಟುಕೊಳ್ಳುವ ಟಿಪ್ಪಣಿಗಳ ರಾಶಿ. ಟಿಡ್ಲಿವಿಕಿ, ಅಬ್ಸಿಡಿಯನ್, ಲಾಗ್‌ಸೆಕ್ ಎಲ್ಲ ಈ ಕೆಲಸಕ್ಕೆ ಇರುವ ತಂತ್ರಾಂಶಗಳು. ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ನಾವೇ ಲಿಂಕ್ ಕೊಟ್ಟಿರುತ್ತೇವೆ, ಅದು ಕಣ್ಣೆದುರೇ ಇರುತ್ತದೆ. ಆದರೆ ಈ ಟಿಪ್ಪಣಿಗೆ ಬೇರೆ ಎಲ್ಲೆಲ್ಲಿಂದ ಲಿಂಕ್ ಬಂದಿದೆ? ಹಾಗೆ ಬಂದ ಲಿಂಕುಗಳೇ ಬ್ಯಾಕ್‌ಲಿಂಕ್. ಅವನ್ನು ಮೊದಲೇ ಬರೆದಿಟ್ಟ ಪಟ್ಟಿ ಬ್ಯಾಕ್‌ಲಿಂಕ್ ಇಂಡೆಕ್ಸ್.

ಕಲಬುರಗಿಯಲ್ಲಿ ಇತಿಹಾಸ ಓದುವ ಹುಡುಗಿಯೊಬ್ಬಳು ಬಹಮನಿ ಕಟ್ಟಡಗಳ ಬಗ್ಗೆ ವಿಕಿ ಮಾಡಿಕೊಂಡಿದ್ದಾಳೆ ಅಂದುಕೊಳ್ಳಿ. ಬೀದರಿನ ಮಹಮೂದ್ ಗವಾನ್ ಮದರಸಾದ ಟಿಪ್ಪಣಿ ತೆರೆದರೆ ಕೆಳಗೆ ರಂಗೀನ್ ಮಹಲಿನ ಹೆಸರೂ ಬರಬೇಕು. ಎರಡರಲ್ಲೂ ಬಣ್ಣದ ಟೈಲ್ಸ್ ಕೆಲಸ ಇದೆ ಅಲ್ವಾ? ಇಂಥ ನಂಟು ತಾನಾಗಿ ಕಾಣುವುದೇ ಸ್ವಂತ ವಿಕಿಯ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ.

ಟಿಪ್ಪಣಿ ಜಾಸ್ತಿಯಾದಂತೆ ತೊಂದರೆ ಶುರುವಾಗುತ್ತದೆ. ಅವಳ ಹತ್ತಿರ 2,000 ಟಿಪ್ಪಣಿ ಇದ್ದು, ಇಂಡೆಕ್ಸ್ ಇಲ್ಲದಿದ್ದರೆ, ಒಂದನ್ನು ತೆರೆದಾಗಲೆಲ್ಲ ಉಳಿದ 1,999ನ್ನೂ ಹುಡುಕಬೇಕು. ಟಿಡ್ಲಿವಿಕಿಯಲ್ಲಿ ಇನ್ನೊಂದು ಪೇಚಿದೆ. ಅಲ್ಲಿ ಏನಾದರೂ ಬದಲಾದರೆ ಪುಟದ ಮೇಲಿರುವ ಪಟ್ಟಿಗಳ ಲೆಕ್ಕ ಮತ್ತೆ ನಡೆಯುತ್ತದೆ. ಬರೆಯುತ್ತ ಕೂತರೆ, ಕೈ ಒಂದು ಕ್ಷಣ ನಿಂತಾಗಲೆಲ್ಲ ಮತ್ತೆ ಲೆಕ್ಕ. ಹಳೇ ಲ್ಯಾಪ್‌ಟಾಪ್ ಆದರೆ ಕೇಳುವುದೇ ಬೇಡ, ‘ಭಾಳ ಸ್ಲೋ ಆಗ್ಯದ್ರಿ’ ಅನ್ನುವ ಮಾತು ಆಗಲೇ ಬರುವುದು.

ಗಂಜಿನ ಅಡತ್ ಅಂಗಡಿಯಲ್ಲಿ ಯಾವ ರೈತನ ತೊಗರಿ ಎಷ್ಟು ಬಂತು ಅಂತ ಕೇಳಿದರೆ ಯಾರೂ ಚೀಲ ಎಣಿಸಲು ಏಳುವುದಿಲ್ಲ, ಲೆಕ್ಕದ ಪುಸ್ತಕ ತೆಗೆಯುತ್ತಾರೆ. ಮಾಲು ಬಂದಾಗಲೇ ಬರೆದಿಟ್ಟಿರುತ್ತಾರೆ. ಇಂಡೆಕ್ಸ್ ಕೆಲಸವೂ ಅಷ್ಟೇ: ಟಿಪ್ಪಣಿ ಸೇವ್ ಮಾಡುವಾಗ ಲೆಕ್ಕ, ತೆರೆಯುವಾಗ ಬರೀ ಓದು.

ಮದರಸಾದ ಟಿಪ್ಪಣಿಗೆ ಅವಳು ಇವತ್ತು ಬೀದರಿನ ಚೌಬಾರಾ ಗೋಪುರದ ಲಿಂಕ್ ಸೇರಿಸಿದಳು, ಕೋಟೆಯ ಲಿಂಕ್ ತೆಗೆದಳು. ಸೇವ್ ಒತ್ತಿದ ಕೂಡಲೇ ಹಳೇ ಲಿಂಕು, ಹೊಸ ಲಿಂಕು ಎರಡನ್ನೂ ಹೋಲಿಸಬೇಕು. ಇಂಡೆಕ್ಸಿನಲ್ಲಿ ಚೌಬಾರಾದ ಕೆಳಗೆ ‘ಮದರಸಾ’ ಸೇರುತ್ತದೆ, ಕೋಟೆಯ ಕೆಳಗಿಂದ ಹೋಗುತ್ತದೆ. ಬೇರೆ ಯಾವುದನ್ನೂ ಮುಟ್ಟುವಂತಿಲ್ಲ. ವಿಕಿಪೀಡಿಯ ನಡೆಸುವ ಮೀಡಿಯಾವಿಕಿ ಕೂಡ ಲಿಂಕುಗಳಿಗೇ ಬೇರೆ ಟೇಬಲ್ ಇಟ್ಟುಕೊಂಡಿದೆ, ಹೆಸರು ‘ಪೇಜ್‌ಲಿಂಕ್ಸ್’. ಅಷ್ಟು ದೊಡ್ಡ ವಿಕಿಯಲ್ಲೂ ಯಾವ ಪುಟಕ್ಕೆ ಎಲ್ಲಿಂದ ಲಿಂಕ್ ಇದೆ ಅಂತ ಬೇಗ ಸಿಗುವುದು ಇದರಿಂದಲೇ.

ಲಿಂಕ್ ಇಲ್ಲದೆಯೂ ನಂಟಿರಬಹುದು. ಆಗ ಟ್ಯಾಗ್, ಅಂದರೆ ಟಿಪ್ಪಣಿಗೆ ಅಂಟಿಸುವ ಗುರುತಿನ ಪದ, ನೆರವಿಗೆ ಬರುತ್ತದೆ. ಪ್ರತಿ ಟ್ಯಾಗಿಗೂ ‘ಇದು ಇರುವ ಟಿಪ್ಪಣಿಗಳು’ ಅಂತ ಒಂದು ಪಟ್ಟಿ ಇಡಿ. ಮದರಸಾಕ್ಕೆ ನಾಲ್ಕು ಟ್ಯಾಗ್ ಇದ್ದರೆ ನಾಲ್ಕೇ ಪಟ್ಟಿ ನೋಡಿದರೆ ಸಾಕು. ಆದರೆ ಎಲ್ಲ ಟ್ಯಾಗಿಗೂ ಒಂದೇ ತೂಕ ಕೊಡಬೇಡಿ. ‘ಬೀದರ್’ ಅನ್ನುವ ಟ್ಯಾಗ್ 400 ಟಿಪ್ಪಣಿಗಳಿಗೆ ಇದ್ದರೆ ಅದರಿಂದ ತಿಳಿಯುವುದು ಕಡಿಮೆ. ‘ಬಣ್ಣದ ಟೈಲ್ಸ್’ ಆರೇ ಟಿಪ್ಪಣಿಗಳಿಗೆ ಇದ್ದರೆ ಅವು ನಿಜವಾದ ನೆಂಟರು. ಅಪರೂಪದ ಪದಕ್ಕೆ ಹೆಚ್ಚು ತೂಕ ಅನ್ನುವ ಈ ವಿಚಾರವನ್ನು ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮುಂದಿಟ್ಟರು. ಹುಡುಕಾಟದ ತಂತ್ರಾಂಶಗಳಿಗೆ ಅದು ಈಗಲೂ ಅಡಿಪಾಯ.

ಎಲ್ಲ ಜೋಡಿಗಳ ನಂಟನ್ನೂ ಮೊದಲೇ ಲೆಕ್ಕ ಹಾಕಿಡೋಣ ಅಂತ ಕೆಲವರಿಗೆ ಅನಿಸುತ್ತದೆ. 2,000 ಟಿಪ್ಪಣಿಗೆ ಅದು 19,99,000 ಜೋಡಿ! ಬೇಕಾಗಿಲ್ಲ.

ತೋರಿಸುವಾಗಲೂ ಕೈ ಬಿಗಿ ಇರಲಿ. ಮೇಲಿನ ಐದಾರು ಹೆಸರು ಸಾಕು. ಪಟ್ಟಿಯನ್ನು ಮುಚ್ಚಿಟ್ಟು, ಒತ್ತಿದಾಗ ಮಾತ್ರ ತೆರೆಯುವಂತೆ ಮಾಡಿ. ಟಿಡ್ಲಿವಿಕಿಯ ‘ರಿವೀಲ್’ ವಿಜೆಟ್ (ಪುಟದೊಳಗೆ ಸೇರಿಸುವ ಸಣ್ಣ ಸಾಧನ) ಇದಕ್ಕೆ ಸರಿಹೋಗುತ್ತದೆ, ಮುಚ್ಚಿದ ಭಾಗವನ್ನು ಅದು ಸಾಮಾನ್ಯವಾಗಿ ತಯಾರು ಮಾಡುವುದೇ ಇಲ್ಲ.

ನೂರಿನ್ನೂರು ಟಿಪ್ಪಣಿ ಇರುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ, ಸುಮ್ನೆ ಬರೆಯುತ್ತ ಹೋಗಿ. ಇಂಡೆಕ್ಸ್ ಇಟ್ಟವರು ಬ್ಯಾಕಪ್ ಮಾಡುವಾಗ ಟಿಪ್ಪಣಿಗಳನ್ನಷ್ಟೇ ಜೋಪಾನ ಮಾಡಿದರೆ ಸಾಕು. ಇಂಡೆಕ್ಸ್ ಕೆಟ್ಟರೆ ಅಳಿಸಿಬಿಡಿ, ಟಿಪ್ಪಣಿಗಳಿಂದ ಮತ್ತೆ ಕಟ್ಟಿಕೊಳ್ಳಬಹುದು.