ಕೆಂಪೆಲೆಯ ಗಿಡಕ್ಕೊಂದು ಹಸಿರು ಚರಿತ್ರೆ

ನರ್ಸರಿಗೆ ಬರುವವರು ಕಾರ್ಡಿಲೈನ್ ಅಂತ ಕೇಳುವುದು ಕಡಿಮೆ. "ಆ ಕೆಂಪೆಲೆ ಡ್ರಸೀನಾ ಕೊಡಿ" ಅನ್ನುತ್ತಾರೆ. ಎಷ್ಟೋ ಕಡೆ ಬೋರ್ಡಿನಲ್ಲೂ ಹಾಗೇ ಬರೆದಿರುತ್ತದೆ, ಜಗಳವೇನಿಲ್ಲ. ಅನುಮಾನ ಬಂದರೆ ಕುಂಡದಿಂದ ಗಿಡ ಎತ್ತಿ ಬೇರು ನೋಡಿ. ಡ್ರಸೀನಾದ ಬೇರು ಅರಿಶಿನ ಬಣ್ಣದ್ದು, ಕಾರ್ಡಿಲೈನ್‌ನದು ಬಿಳಿ. ಗಿಡ ಬಲಿತಿದ್ದರೆ ಬುಡದಿಂದ ನೇರ ಕೆಳಕ್ಕೆ ಇಳಿದ ದಪ್ಪ ಗೆಡ್ಡೆಯೂ ಕೈಗೆ ಸಿಗುತ್ತದೆ.

ನಾವು ದುಡ್ಡು ಕೊಡುವುದು ಎಲೆಯ ಬಣ್ಣಕ್ಕೆ. ಈ ಕಾರ್ಡಿಲೈನ್ ಫ್ರುಟಿಕೋಸಾವನ್ನು ದೋಣಿಯಲ್ಲಿ ಹೊತ್ತು ಪೆಸಿಫಿಕ್ ದಾಟಿದ ಪಾಲಿನೇಷ್ಯನ್ನರಿಗೆ, ಅಂದರೆ ಆ ಸಾಗರದ ದ್ವೀಪವಾಸಿಗಳಿಗೆ, ಬೇಕಿದ್ದದ್ದು ಆ ಗೆಡ್ಡೆ, ಜೊತೆಗೆ ಸಾದಾ ಹಸಿರೆಲೆ. ಅವರಲ್ಲಿ ಇದು ಟಿ, ಹವಾಯಿಯಲ್ಲಿ ಕೀ. ಹವಾಯಿಯ ಹಳೆಯ ಹಸಿರು ತಳಿ ಬೀಜ ಕಟ್ಟುವುದಿಲ್ಲ. ಅಂದರೆ ದ್ವೀಪದಿಂದ ದ್ವೀಪಕ್ಕೆ ಅದು ಕಾಂಡದ ತುಂಡಾಗಿ, ಮನುಷ್ಯರ ಕೈಯಲ್ಲೇ ಹೋಗಿದೆ. ಕೆಂಪು, ಗುಲಾಬಿ, ಪಟ್ಟೆಯ ತಳಿಗಳು ಅಲ್ಲಿಗೂ ತಡವಾಗಿ ಬಂದ ಅಲಂಕಾರದ ಸರಕು.

ಗೆಡ್ಡೆಯನ್ನು ಹಸಿಯಾಗಿ ತಿಂದರೆ ಪ್ರಯೋಜನವಿಲ್ಲ. ಅದರಲ್ಲಿರುವುದು ಪಿಷ್ಟವಲ್ಲ, ಫ್ರಕ್ಟಾನ್, ಅಂದರೆ ಫ್ರಕ್ಟೋಸ್ ಎಂಬ ಸಕ್ಕರೆಯ ಕಣಗಳು ಸರಪಳಿಯಾಗಿ ಕೂಡಿದ್ದು. ನಮ್ಮ ಹೊಟ್ಟೆ ಅದನ್ನು ಅರಗಿಸದು. ನೆಲದಲ್ಲಿ ಗುಂಡಿ ತೋಡಿ, ಕಲ್ಲು ಕಾಯಿಸಿ, ಗೆಡ್ಡೆ ಜೋಡಿಸಿ, ಎಲೆ, ಮಣ್ಣು ಮುಚ್ಚಿ ಒಂದು ದಿನಕ್ಕೂ ಮಿಕ್ಕಿ ಬೇಯಿಸಿದರೆ ಫ್ರಕ್ಟಾನ್ ಒಡೆದು ಫ್ರಕ್ಟೋಸ್ ಆಗುತ್ತದೆ. ಆಗ ಗೆಡ್ಡೆ ಕಂದು ಬಣ್ಣಕ್ಕೆ ತಿರುಗಿ, ಕಾಕಂಬಿಯ ಹಾಗೆ ಸಿಹಿಯಾಗುತ್ತದೆ. ಕಬ್ಬಿನಂತೆ ಅಗಿದು ರಸ ಹೀರಿ ನಾರು ಉಗುಳುವುದು. ಯುರೋಪಿನ ಹಡಗುಗಳು ಬಂದ ಮೇಲೆ ಇದೇ ಗೆಡ್ಡೆಯನ್ನು ಹುಳಿಸಿ ಬಟ್ಟಿ ಇಳಿಸಿದರು. ತಿಮಿಂಗಿಲದ ಕೊಬ್ಬು ಕಾಯಿಸುವ ಕಬ್ಬಿಣದ ಕಡಾಯಿಗಳೇ ಭಟ್ಟಿಯಾದವು. ಆ ಸಾರಾಯಿಯೇ ಹವಾಯಿಯ ಓಕೋಲೆಹಾವ್.

ಟಹೀಟಿ ಸೇರಿದ ಸೊಸೈಟಿ ದ್ವೀಪಗಳ ಬೆಂಕಿ ನಡಿಗೆಗೂ ಟಿ ಗೆಡ್ಡೆ ಬೇಯಿಸುವ ಆ ಗುಂಡಿ ಒಲೆಯದೇ ಹೆಸರು: ಉಮು ಟಿ. ಕೆಂಡ ಹಾಯುವುದನ್ನು ನೋಡಿದ ನಮಗೆ ಗುರುತು ಸಿಗುವ ಆಚರಣೆ. ಅಲ್ಲಿ ತುಳಿಯುವುದು ಮಾತ್ರ ಕಾದ ಕಲ್ಲನ್ನು, ಕೈಯಲ್ಲಿ ಟಿ ಎಲೆಯ ಕಟ್ಟು ಹಿಡಿದು. 1901ರಲ್ಲಿ ಟಹೀಟಿಯಲ್ಲಿ ಇದನ್ನು ನೋಡಿದ ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಒಂದು ಕಲ್ಲನ್ನು ಎಳೆಸಿ ಬಕೆಟ್ ನೀರಿಗೆ ಹಾಕಿಸಿದರು. ನೀರು ಸುಮಾರು 12 ನಿಮಿಷ ಕುದಿಯಿತು! ಕಲ್ಲು ರಂಧ್ರಗಳುಳ್ಳ ಬಸಾಲ್ಟ್ ಎಂಬ ಜ್ವಾಲಾಮುಖಿ ಶಿಲೆ, ಶಾಖವನ್ನು ಬಲು ನಿಧಾನ ಸಾಗಿಸುವಂಥದ್ದು ಎಂದು ಅವರು ವಿವರಿಸಿದರು. ಪಾದ ಉಳಿಸಿದ್ದು ಕಲ್ಲು, ಎಲೆಯಲ್ಲ ಅನ್ನುವುದೇ ನನ್ನ ಅಭಿಪ್ರಾಯ ಕೂಡ. ಆದರೂ ಎಲೆಗೆ ಕಾಪಾಡುವ ಶಕ್ತಿ ಇದೆಯೆಂಬ ನಂಬಿಕೆ ಗಟ್ಟಿ. ಹವಾಯಿಯಲ್ಲಿ ಇಂದಿಗೂ ಮನೆಯ ಮೂಲೆಗಳಲ್ಲಿ ಟಿ ನೆಡುತ್ತಾರೆ, ಫುಟ್‌ಬಾಲ್ ಪಂದ್ಯಕ್ಕೂ ಎಲೆ ಹಿಡಿದು ಹೋಗುತ್ತಾರೆ.

ಎಲೆಯ ಕೆಲಸಗಳಲ್ಲಿ ನನಗೆ ಇಷ್ಟವಾದದ್ದು ಹವಾಯಿಯ ಲಾವ್‌ಲಾವ್. ಮೀನು ಅಥವಾ ಹಂದಿಮಾಂಸಕ್ಕೆ ಒಳಗೆ ಕೆಸುವಿನ ಎಲೆ, ಹೊರಗೆ ಟಿ ಎಲೆ ಸುತ್ತಿ ಹಬೆಯಲ್ಲಿ ಬೇಯಿಸುವ ಅಡುಗೆ. ಕೆಸುವನ್ನು ತಿನ್ನುತ್ತಾರೆ, ಟಿ ಎಲೆಯನ್ನು ಬಿಚ್ಚಿ ಎಸೆಯುತ್ತಾರೆ. ನಡುದಿಂಡು ದಪ್ಪ, ಹಾಗೇ ಮಡಚಿದರೆ ಎಲೆ ಸೀಳುತ್ತದೆ. ಬೆನ್ನಿನ ಕಡೆ ದಿಂಡಿಗೆ ಉಗುರಿನಿಂದ ಗೀಟು ಹಾಕಿ ಎಬ್ಬಿಸಿ, ಮೆಲ್ಲಗೆ ಸುಲಿದು ತೆಗೆದರೆ ಉಳಿದದ್ದು ಬಟ್ಟೆಯಂತೆ ಬಾಗುತ್ತದೆ, ದಾರದ ಬದಲು ಗಂಟೂ ಹಾಕಬಹುದು. ಜ್ವರ, ತಲೆನೋವಿಗೆ ಹಣೆಯ ಮೇಲೆ ಇಡುವುದು, ಹುಲಾ ಕುಣಿತದ ಲಂಗ, ಮಳೆಗೆ ಹೊದಿಕೆ, ಹಗ್ಗಕ್ಕೆ ಸಾಲಾಗಿ ಕಟ್ಟಿ ಮೀನನ್ನು ಹೆದರಿಸಿ ಬಲೆಗೆ ಅಟ್ಟುವುದು, ಎಲ್ಲಕ್ಕೂ ಇದೇ ಎಲೆ.

ನಮ್ಮಲ್ಲಿ ಬೆಳೆಸುವವರಿಗೆ ಎರಡು ಮಾತು. ಉದ್ದಕ್ಕೆ ಬೋಳಾದ ಕಾಂಡವನ್ನು ಬಿಸಾಡಬೇಡಿ. ಬೆರಳುದ್ದ ತುಂಡು ಮಾಡಿ ಒದ್ದೆ ಮರಳಿನಲ್ಲಿ ಅಡ್ಡಲಾಗಿ, ಅರ್ಧ ಮುಳುಗುವಂತೆ ಮಲಗಿಸಿ, ಗಿಣ್ಣಿನಿಂದ ಚಿಗುರು ಬರುತ್ತದೆ. ತುದಿ ಕಂದಾಗಿ ಒಣಗುತ್ತಿದ್ದರೆ ಗೊಬ್ಬರ ಸುರಿಯುವ ಮೊದಲು ನೀರನ್ನು ಅನುಮಾನಿಸಿ. ಈ ಗಿಡಕ್ಕೆ ಫ್ಲೋರೈಡ್ ಆಗದು, ಕೋಲಾರದಂಥ ಕಡೆಯ ಬೋರ್‌ವೆಲ್ ನೀರಲ್ಲಿ ಅದು ಇದ್ದೇ ಇರುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಮೊದಲು ಇದಕ್ಕೆ ಹಾಕಿ.