ಠೇವಣಿ ಹೋದ ಮೇಲೂ ಲೆಕ್ಕ ಬಾಕಿ

ಎಲೆಕ್ಷನ್ ಹತ್ತಿರ ಬಂತೆಂದರೆ ಮುಲುಂಡ್‌ನ ನನ್ನ ಆಫೀಸಿಗೆ ಒಬ್ಬರಾದರೂ ಬಂದೇ ಬರುತ್ತಾರೆ. ಊರಿನವರ ಸಂಘದಲ್ಲಿ ಹೆಸರು ಮಾಡಿದವರು, ಗಣೇಶೋತ್ಸವಕ್ಕೆ ಕೈಬಿಚ್ಚಿ ಕೊಡುವವರು, ಏರಿಯಾದಲ್ಲಿ ನಾಲ್ಕು ಜನಕ್ಕೆ ಬೇಕಾದವರು. ಅದೂ ಇದೂ ಮಾತಾಡಿ, ಚಾ ಮುಗಿಸಿ, ಎದ್ದು ಹೋಗುವಾಗ ಕೇಳುತ್ತಾರೆ. "ಈ ಸಲ ಪಕ್ಷೇತರ ನಿಲ್ಲುವ ಅಂತ ಇದ್ದೇನೆ ಮಾರ್ರೆ. ಹತ್ತು ಸಾವಿರ ಠೇವಣಿ ಕಟ್ಟಿದ್ರೆ ಆಯ್ತಲ್ವಾ?"

ನಾನು ಚಾರ್ಟರ್ಡ್ ಅಕೌಂಟೆಂಟ್. ಗೆಲ್ಲುವ ಉಪಾಯ ಗೊತ್ತಿದ್ದರೆ ಜಿಎಸ್‌ಟಿ ರಿಟರ್ನ್ ತುಂಬುತ್ತಾ ಕೂತಿರುತ್ತಿರಲಿಲ್ಲ. ಆದರೆ ಪಕ್ಷೇತರರ ಖರ್ಚಿನ ಲೆಕ್ಕ ಬರೆದುಕೊಟ್ಟು ಒಂದು ವಿಷಯ ಕಂಡಿದ್ದೇನೆ. ನಿಲ್ಲುವುದು ಅಗ್ಗ. ಪಕ್ಷದ ಆಫೀಸಿನಲ್ಲಿ ಯಾರೋ ಕೂತು ಸದ್ದಿಲ್ಲದೆ ಮಾಡಿ ಮುಗಿಸುವ ಕಾಗದದ ಕೆಲಸ ಪೂರ್ತಿ ನಿಮ್ಮ ತಲೆ ಮೇಲೆ ಬೀಳುತ್ತದೆ, ಅದು ಅಗ್ಗ ಅಲ್ಲ.

ನಾನು ಮೊದಲು ಕೇಳುವುದು, ನಿಮ್ಮ ಓಟು ಎಲ್ಲಿದೆ? ಮೂವತ್ತು ವರ್ಷದಿಂದ ಮುಂಬೈಯಲ್ಲಿದ್ದರೂ ಎಷ್ಟೋ ಜನರ ಹೆಸರು ಇನ್ನೂ ಉಡುಪಿ, ಕುಂದಾಪುರದ ಪಟ್ಟಿಯಲ್ಲೇ ಇರುತ್ತದೆ. ಹಾಗಿದ್ದರೆ ಮಹಾರಾಷ್ಟ್ರ ವಿಧಾನಸಭೆಗೆ ನಿಲ್ಲಲು ಆಗುವುದೇ ಇಲ್ಲ. ಈ ರಾಜ್ಯದ ಯಾವುದಾದರೂ ಒಂದು ಕ್ಷೇತ್ರದಲ್ಲಿ ನೀವು ಮತದಾರರಾಗಿರಬೇಕು, ವಯಸ್ಸು 25 ಆಗಿರಬೇಕು. ಓಟು ಮುಲುಂಡ್‌ನಲ್ಲಿದ್ದು ಘಾಟ್‌ಕೋಪರ್‌ನಲ್ಲಿ ನಿಲ್ಲಬಹುದು. ಆದರೆ ಪಟ್ಟಿಯ ದೃಢೀಕೃತ ಪ್ರತಿ ಜೊತೆಗಿಡಬೇಕು.

ಸೂಚಕರ, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ನಿಮ್ಮ ಹೆಸರು ಸೂಚಿಸುವವರ ವಿಷಯ ಹಾಗಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರೇ ಆಗಿರಬೇಕು. ಹತ್ತು ಜನ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಮುಂಬೈಯಲ್ಲಿ ರಸ್ತೆ ದಾಟಿದರೆ ಕ್ಷೇತ್ರ ಬದಲಾಗುತ್ತದೆ. ಸಂಘದ ಹತ್ತು ಗೆಳೆಯರ ಸಹಿ ತಂದರೆ ಇಬ್ಬರು ಭಾಂಡುಪ್‌ನವರು, ಒಬ್ಬರ ಹೆಸರು ಊರಲ್ಲಿ. ಒಂದೇ ಒಂದು ಸಹಿ ಕೆಟ್ಟರೂ ನಾಮಪತ್ರ ಪರಿಶೀಲನೆಯ ದಿನ ಬಿದ್ದುಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರದವರೆಗೆ ಕೊಡಬಹುದು, ಠೇವಣಿ ಮಾತ್ರ ಒಂದೇ. ಬೇರೆ ಬೇರೆ ಸೂಚಕರನ್ನಿಟ್ಟು ಎರಡು ಸೆಟ್ ಆದರೂ ಕೊಡಿ, ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ.

ನಾಮಪತ್ರದ ಜೊತೆ ಆಸ್ತಿ, ಸಾಲ, ಕೇಸುಗಳ ವಿವರ ಬರೆದು ಕೊಡುವ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ 'ಇಲ್ಲ' ಅಂತಲೇ ಬರೆಯಿರಿ. ಇನ್ನು, ನಾಮಪತ್ರ ಕೊಟ್ಟ ಖುಷಿಯಲ್ಲಿ ಪ್ರಮಾಣವಚನ ಮರೆತು ಮನೆಗೆ ಬರುವವರಿದ್ದಾರೆ. ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಆಗಿರಲೇಬೇಕು.

ಈಗ ಗೆಲುವಿನ ಮಾತು, ಬೇಗ ಮುಗಿಸುತ್ತೇನೆ. 1995ರಲ್ಲಿ ಮಹಾರಾಷ್ಟ್ರದಲ್ಲಿ 45 ಪಕ್ಷೇತರರು ಗೆದ್ದಿದ್ದರು. 2019ರಲ್ಲಿ 13. 2024ರ ನವೆಂಬರ್‌ನಲ್ಲಿ 288 ಸೀಟಿಗೆ ನಿಂತವರು 4,136 ಜನ, ಅದರಲ್ಲಿ 2,086 ಪಕ್ಷೇತರರು, ಗೆದ್ದವರು ಇಬ್ಬರು. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಒಬ್ಬರು, ನಮ್ಮ ಬೆಳಗಾವಿಗೆ ಅಂಟಿಕೊಂಡ ಚಂದಗಡದಲ್ಲಿ ಒಬ್ಬರು. ಇಬ್ಬರೂ ರಾಜಕೀಯಕ್ಕೆ ಹೊಸಬರಲ್ಲ. ಠೇವಣಿ ವಾಪಸ್ ಬರಬೇಕಾದರೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ಒಂದೂವರೆ ಲಕ್ಷ ಸಿಂಧು ಮತ ಬಿದ್ದರೆ 25,000 ಸಾಲದು, 25,001 ಬೇಕು. ಮತಯಂತ್ರದಲ್ಲಿ ನಿಮ್ಮ ಹೆಸರು ಎಲ್ಲ ಪಕ್ಷದವರಾದ ಮೇಲೆ, ಕೆಳಗೆ, ನೋಟಾದ ನೆರೆಮನೆಯಲ್ಲಿ.

ನನ್ನ ಕೆಲಸ ಶುರುವಾಗುವುದು ಖರ್ಚಿನಲ್ಲಿ. ಮಹಾರಾಷ್ಟ್ರದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಮಿತಿ ಎಲ್ಲರಿಗೂ ಒಂದೇ ಅನ್ನುತ್ತಾರೆ. ಆದರೆ ಪಕ್ಷ ಸ್ಟಾರ್ ಪ್ರಚಾರಕರೆಂದು ಹೆಸರಿಸಿದ ದೊಡ್ಡ ನಾಯಕರು ಹೆಲಿಕಾಪ್ಟರ್‌ನಲ್ಲಿ ಬಂದರೆ ಆ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷೇತರರಿಗೆ ಸ್ಟಾರ್ ಪ್ರಚಾರಕರೇ ಇಲ್ಲ, ಭಾವನ ರಿಕ್ಷಾದಲ್ಲಿ ಮೈಕು ಕಟ್ಟಿ ತಿರುಗಿದರೆ ಅದೂ ಬರೆಯಬೇಕು. ನನಗೆ ಇದು ಸರಿ ಕಾಣುವುದಿಲ್ಲ, ಆದರೆ ನಿಯಮ ಹಾಗಿದೆ.

ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಇಡೀ ಚುನಾವಣೆಯಲ್ಲಿ ಒಬ್ಬರಿಗೆ ಒಟ್ಟು 10,000ಕ್ಕಿಂತ ಜಾಸ್ತಿ ನಗದು ಕೊಡುವ ಹಾಗಿಲ್ಲ. ಖರ್ಚು ಬರೆಯಲು ಚುನಾವಣಾ ಅಧಿಕಾರಿಗಳು ಒಂದು ರಿಜಿಸ್ಟರ್ ಕೊಡುತ್ತಾರೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಪ್ರಚಾರದ ನಡುವೆ ಮೂರು ಸಲ ಅದನ್ನು ತಪಾಸಣೆಗೆ ತೋರಿಸಿ ಬರಬೇಕು.

ನನ್ನ ಕಕ್ಷಿದಾರರೊಬ್ಬರು ಹೋಟೆಲ್‌ನವರು, ನಮ್ಮ ಕಡೆಯವರೇ. 2024ರಲ್ಲಿ ನಿಂತರು. ಮೊದಲ ತಪಾಸಣೆಗೆ ಮುಂಚೆ ರಿಜಿಸ್ಟರ್ ಬಿಡಿಸಿ ನೋಡುತ್ತೇನೆ, ಬಿಳಿ ಹಾಳೆಯಲ್ಲಿ ಬ್ಯಾನರ್ ಇದೆ, ಕರಪತ್ರ ಇದೆ, ಚಾ ತಿಂಡಿ ಇಲ್ಲ.

"ಅಣ್ಣಾ, ದಿನಾ ನಲವತ್ತು ಹುಡುಗರು ತಿರುಗುತ್ತಾರೆ. ಅವರೇನು ಗಾಳಿ ಕುಡಿದು ತಿರುಗುತ್ತಾರಾ?"

"ಎಂತ ಮಾರ್ರೆ ನೀವು! ನನ್ನದೇ ಹೋಟೆಲು, ನನ್ನದೇ ಹಾಲು. ನನ್ನ ಚಾ ನಾನು ಕೊಡ್ಲಿಕ್ಕೆ ಬಿಲ್ಲು ಯಾರಿಗೆ ಹಾಕುದು?"

ಚುನಾವಣೆಗೆ ಅಂತ ಕೊಟ್ಟದ್ದು ಪುಕ್ಕಟೆ ಆದರೂ ಅದಕ್ಕೊಂದು ಬೆಲೆ ಕಟ್ಟಬೇಕು. ಚಾ, ವಡಾಪಾವ್, ಕುರ್ಚಿ, ಶಾಮಿಯಾನ, ಎಲ್ಲಕ್ಕೂ ಜಿಲ್ಲೆಯಲ್ಲಿ ದರಪಟ್ಟಿ ಇರುತ್ತದೆ. ಚುನಾವಣಾ ಆಯೋಗದ ಕಡೆಯವರು ವಿಡಿಯೊ ತೆಗೆದುಕೊಂಡು ತಮ್ಮದೊಂದು ಲೆಕ್ಕ ಬರೆದಿರುತ್ತಾರೆ, ನಿಮ್ಮದರ ಪಕ್ಕ ಇಟ್ಟು ನೋಡುತ್ತಾರೆ. ಹದಿನಾರು ಸಾವಿರದಷ್ಟು ಚಾ ತಿಂಡಿ ಆ ರಾತ್ರಿ ಕೂತು ಸೇರಿಸಿದೆವು. ಮಾಲೀಕರ ಮುಖ ನೋಡಬೇಕಿತ್ತು, ಗಿರಾಕಿ ಬಿಲ್ಲು ಕೊಡದೆ ಹೋದ ಹಾಗೆ.

ಫಲಿತಾಂಶ ನವೆಂಬರ್ 23ಕ್ಕೆ ಬಂತು. ಠೇವಣಿ ಹೋಯಿತು. ಬೇಜಾರಾಗಿ ಊರಿಗೆ ಹೊರಟರು, ಮನೆಯಲ್ಲಿ ದೈವದ ನೇಮ ಇತ್ತು. ಹೆಚ್ಚಿನವರು ಎಡವುವುದು ಇಲ್ಲೇ. ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಪೂರ್ತಿ ಲೆಕ್ಕ ಕೊಡಬೇಕು, ಗೆದ್ದವರೂ ಸೋತವರೂ, ಹತ್ತೇ ಓಟು ಬಿದ್ದವರೂ. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಆಗ ಹತ್ತು ಸಾವಿರದ ಜೊತೆ ಮುಂದಿನ ಸಲದ ಅವಕಾಶವೂ ಹೋದಂತೆ.

ಡಿಸೆಂಬರ್ 20ಕ್ಕೆ ಫೋನ್ ಮಾಡಿದರೆ, "ಸೋತದ್ದಕ್ಕೆ ಎಂತ ಲೆಕ್ಕ ಮಾರ್ರೆ" ಅಂದರು. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ರಾತ್ರಿ ಬಸ್ಸು ಹತ್ತಿ ಬಂದರು. ಎರಡು ವೋಚರ್ ಕಾಣೆಯಾಗಿದ್ದವು, ಪ್ರಿಂಟಿಂಗ್ ಪ್ರೆಸ್ಸಿನವನನ್ನು ಹುಡುಕಿ ನಕಲು ತಂದೆವು. ಕೊನೆಯ ದಿನ, 23ರ ಮಧ್ಯಾಹ್ನ ಕೊಟ್ಟು ಬಂದೆವು. ಲೆಕ್ಕ ತಲುಪಿದ್ದಕ್ಕೆ ಕೊಟ್ಟ ಸ್ವೀಕೃತಿ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ, ಹೋಟೆಲಿನ ಗಲ್ಲಾದ ಹಿಂದೆ ಲಕ್ಷ್ಮಿ ಫೋಟೊದ ಪಕ್ಕ ತೂಗು ಹಾಕಿದ್ದಾರೆ. ಯಾರಾದರೂ ಕೇಳಿದರೆ, ಎಂಎಲ್‌ಎ ಎಲೆಕ್ಷನ್‌ಗೆ ನಿಂತ ಸರ್ಟಿಫಿಕೇಟ್ ಅನ್ನುತ್ತಾರಂತೆ.